ಯಾರು ತೀರ್ಮಾನಿಸುತ್ತಾರೆಂದು ಹೇಳಿ, ಇಲ್ಲವೇ ಮಾರಿ

ದಿನಪತ್ರಿಕೆಯ ವಾಣಿಜ್ಯ ಪುಟದ ಮೂಲೆಯಲ್ಲಿ ಮೊಟ್ಟೆಯ ದರ ಬರುತ್ತದೆ. ಬೆಂಗಳೂರಿಗೆ ಇಷ್ಟು, ಮೈಸೂರಿಗೆ ಇಷ್ಟು, ಹೊಸಪೇಟೆಗೆ ಇಷ್ಟು. ನಮ್ಮ ಬೀದಿಯ ಅಂಗಡಿಯವರು ಅದನ್ನು ನೋಡಿಕೊಂಡೇ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಈ ದರ ಹೇಳುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿದ್ದು 1982ರಲ್ಲಿ, ಬಿ.ವಿ. ರಾವ್ ಅವರ ಪ್ರಯತ್ನದಿಂದ. ಅದಕ್ಕೂ ಮೊದಲು ಕೋಳಿ ಸಾಕುವವನಿಗೆ ತನ್ನ ಮೊಟ್ಟೆಯ ಬೆಲೆ ತನಗೇ ಗೊತ್ತಿರಲಿಲ್ಲ. ದಲ್ಲಾಳಿ ಹೇಳಿದ್ದೇ ಬೆಲೆ. ರಾವ್ ರೈತರನ್ನು ಒಟ್ಟುಗೂಡಿಸಿದರು, ನಮ್ಮ ಮೊಟ್ಟೆಯ ಬೆಲೆಯನ್ನು ನಾವೇ ಹೇಳೋಣ, ಎಲ್ಲರಿಗೂ ಕೇಳುವ ಹಾಗೆ ಹೇಳೋಣ ಎಂದರು. ದಲ್ಲಾಳಿಯ ಹಿಡಿತ ಸಡಿಲಾಯಿತು. ನಮ್ಮ ದೇಶದ ಕೋಳಿ ಉದ್ಯಮ ಇಷ್ಟು ಬೆಳೆದದ್ದರಲ್ಲಿ ಆ ಕೆಲಸದ ಪಾಲು ದೊಡ್ಡದು.

ಅದೇ ರಾವ್ ಅವರ ಮಕ್ಕಳು, ಪುಣೆಯ ಕೋಳಿ ಉದ್ಯಮ ವೆಂಕೀಸ್ ಬಳಗದ ಅನುರಾಧಾ ದೇಸಾಯಿ, ವೆಂಕಟೇಶ್ ರಾವ್ ಮತ್ತು ಬಾಲಾಜಿ ರಾವ್, 2010ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಫುಟ್‌ಬಾಲ್ ಕ್ಲಬ್ಬನ್ನು ಕೊಂಡರು. ಬೆಲೆ 2.3 ಕೋಟಿ ಪೌಂಡ್, ಮೇಲೆ ಕ್ಲಬ್ಬಿನ ಸಾಲ. ಅಲ್ಲಿಂದ ಇಲ್ಲಿಯವರೆಗೆ ಆ ಕ್ಲಬ್ಬಿನಲ್ಲಿ ನಡೆದದ್ದನ್ನು ನೋಡುತ್ತ ಬಂದಿದ್ದೇನೆ. ತಂದೆ ದಲ್ಲಾಳಿಗಳ ಕೈಯಿಂದ ಬಿಡಿಸಿದ್ದನ್ನು ಮಕ್ಕಳು ಬೇರೊಂದು ದೇಶದಲ್ಲಿ, ಬೇರೊಂದು ವ್ಯವಹಾರದಲ್ಲಿ ದಲ್ಲಾಳಿಗಳ ಕೈಗೇ ಕೊಟ್ಟರು. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಬ್ಲ್ಯಾಕ್‌ಬರ್ನ್ ಲ್ಯಾಂಕಷೈರಿನ ಹತ್ತಿ ಗಿರಣಿಗಳ ಊರು. ಗಿರಣಿಗಳು ಮುಚ್ಚಿದ ಮೇಲೆ ಊರಿಗೆ ಉಳಿದ ಹೆಮ್ಮೆಯೆಂದರೆ ಈ ಕ್ಲಬ್ಬು, ಅದರ ಈವುಡ್ ಪಾರ್ಕ್ ಮೈದಾನ. ಅದೇ ಊರಿನ ಉಕ್ಕಿನ ವ್ಯಾಪಾರಿ ಜ್ಯಾಕ್ ವಾಕರ್ ತನ್ನ ಸಂಪಾದನೆ ಸುರಿದು ತಂಡ ಕಟ್ಟಿದ. 1995ರ ಮೇ ತಿಂಗಳಲ್ಲಿ, ಲೀಗಿನ ಕೊನೆಯ ದಿನ, ಲಿವರ್‌ಪೂಲ್ ಎದುರು ಸೋತರೂ ಬ್ಲ್ಯಾಕ್‌ಬರ್ನ್ ಪ್ರೀಮಿಯರ್ ಲೀಗ್ ಗೆದ್ದಿತು, ಏಕೆಂದರೆ ಅದೇ ಹೊತ್ತಿಗೆ ಮ್ಯಾಂಚೆಸ್ಟರ್ ಯುನೈಟೆಡ್ ವೆಸ್ಟ್ ಹ್ಯಾಮ್ ಎದುರು ಗೆಲ್ಲಲಾಗಲಿಲ್ಲ. ವಾಕರ್ 2000ದಲ್ಲಿ ತೀರಿಕೊಂಡ. ಅವನ ಕುಟುಂಬದ ಟ್ರಸ್ಟ್ ಹತ್ತು ವರ್ಷ ಕ್ಲಬ್ಬನ್ನು ನಡೆಸಿ ವೆಂಕೀಸ್‌ಗೆ ಮಾರಿತು.

ಕೊಂಡು ತಿಂಗಳು ತುಂಬುವುದರೊಳಗೆ ಗಾಳಿಸುದ್ದಿಯ ಸುಗ್ಗಿ. ರೊನಾಲ್ಡಿನೊ ಬರುತ್ತಾನಂತೆ, ಬೆಕ್‌ಹ್ಯಾಮ್ ಬರುತ್ತಾನಂತೆ, ಮರಡೋನಾ ಮ್ಯಾನೇಜರ್ ಆಗುತ್ತಾನಂತೆ. ಇವೆಲ್ಲ ಬರೀ ಚಹಾದಂಗಡಿಯ ಮಾತಾಗಿರಲಿಲ್ಲ. ರೊನಾಲ್ಡಿನೊಗೆ ಬೆಲೆ ಕಟ್ಟಿದ್ದೇವೆಂದು ಮಾಲೀಕರ ಕಡೆಯವರೇ ಬಾಯಿಬಿಟ್ಟು ಹೇಳಿದರು. ಅವನು 2011ರ ಜನವರಿಯಲ್ಲಿ ಬ್ರೆಜಿಲ್‌ಗೆ ಮರಳಿ ಫ್ಲಮೆಂಗೊ ಸೇರಿದ. ಬ್ಲ್ಯಾಕ್‌ಬರ್ನ್‌ಗೆ ಬಂದವರು ಷಾಲ್ಕೆಯಿಂದ ಎರವಲಾಗಿ ಜರ್ಮೇನ್ ಜೋನ್ಸ್, ಮ್ಯಾಂಚೆಸ್ಟರ್ ಸಿಟಿಯಿಂದ ಎರವಲಾಗಿ ಹಳೆಯ ಆಟಗಾರ ರೋಕೆ ಸಾಂತಾ ಕ್ರೂಸ್, ಜತೆಗೆ ರುಬೆನ್ ರೊಚಿನಾ ಮತ್ತು ಮೌರೊ ಫೋರ್ಮಿಕಾ ಎಂಬ ಇಬ್ಬರು ಎಳೆಯ ಹುಡುಗರು.

ಆ ದಿನಗಳಲ್ಲಿ ಇಲ್ಲಿ ಕುಳಿತ ನಾವು ಮಾಡಿದ ತಪ್ಪನ್ನೂ ಹೇಳಬೇಕು. ಪ್ರೀಮಿಯರ್ ಲೀಗಿನ ಕ್ಲಬ್ಬೊಂದನ್ನು ಭಾರತೀಯರು ಕೊಂಡದ್ದು ಅದೇ ಮೊದಲು. ನಮ್ಮವರು ಇಂಗ್ಲಿಷರ ಆಟವನ್ನೇ ಕೊಂಡುಕೊಂಡರು ಎಂದು ಎದೆ ಉಬ್ಬಿಸಿದೆವು. ಬೆಂಗಳೂರಿನಲ್ಲಿ ಶನಿವಾರ ಸಂಜೆ ದೊಡ್ಡ ಪರದೆಯ ಮುಂದೆ ಕೂರುವ ನನ್ನ ಗೆಳೆಯರ ಗುಂಪಿನಲ್ಲಿ ಹೊಸ ಹೊಸ ಹೆಸರು ಕೇಳಿದಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ಆ ಹೆಸರುಗಳನ್ನು ತೇಲಿಬಿಡುತ್ತಿರುವವರು ಯಾರು, ಅದರಿಂದ ಯಾರಿಗೆ ಲಾಭ ಎಂದು ಒಬ್ಬರೂ ಕೇಳಲಿಲ್ಲ.

ವರ್ಗಾವಣೆಯ ಗಾಳಿಸುದ್ದಿ ತಾನಾಗಿ ಹುಟ್ಟುವುದಲ್ಲ. ಆಟಗಾರನ ಏಜೆಂಟನಿಗೆ ತನ್ನ ಹುಡುಗನ ಸಂಬಳ ಏರಿಸಬೇಕಿರುತ್ತದೆ. ಈಗಿರುವ ಕ್ಲಬ್ಬು ಹೆಚ್ಚು ಕೊಡಲು ಒಪ್ಪದಿದ್ದರೆ ಇನ್ನೊಂದು ಕ್ಲಬ್ಬಿನ ಹೆಸರು ಬೇಕು. ಹೊಸ ಮಾಲೀಕ ಬಂದ ಕ್ಲಬ್ಬಿನಷ್ಟು ಅನುಕೂಲದ ಹೆಸರು ಬೇರೆ ಸಿಗದು. ಅವನ ಕೈಯಲ್ಲಿ ಹಣವಿದೆ, ಹೆಸರು ಮಾಡುವ ಹಂಬಲವಿದೆ, ಆಟದ ಒಳಗುಟ್ಟು ಗೊತ್ತಿಲ್ಲ. ಸಂತೆಗೆ ಮೊದಲ ಸಲ ಎತ್ತು ಕೊಳ್ಳಲು ಬಂದವನ ಸುತ್ತ ದಲ್ಲಾಳಿಗಳು ಮುತ್ತಿಕೊಳ್ಳುವ ಹಾಗೆಯೇ ಇದು. ಮ್ಯಾನೇಜರ್ ಹುದ್ದೆಯ ಗಾಳಿಸುದ್ದಿಗೂ ಇದೇ ಲೆಕ್ಕ. ಇರುವವನ ಕುರ್ಚಿ ಅಲುಗಾಡುತ್ತಿದೆ ಎಂಬ ಸುದ್ದಿ ಬರಬೇಕಾದರೆ ಆ ಕುರ್ಚಿಗೆ ಕಾದು ಕುಳಿತವನ ಪರವಾಗಿ ಯಾರಾದರೂ ಪತ್ರಕರ್ತನಿಗೆ ಫೋನ್ ಮಾಡಿರಬೇಕು. ಇದನ್ನು ತಡೆಯುವ ದಾರಿ ಒಂದೇ. ಕ್ಲಬ್ಬಿನಲ್ಲಿ ಆಟ ಬಲ್ಲ ಒಬ್ಬರು ಅಧಿಕಾರದಿಂದ ಕುಳಿತಿರಬೇಕು, ಹೌದು ಎನ್ನಲಿಕ್ಕೂ ಅಲ್ಲ ಎನ್ನಲಿಕ್ಕೂ ಅವರಿಗೆ ಹಕ್ಕಿರಬೇಕು.

ಬ್ಲ್ಯಾಕ್‌ಬರ್ನ್‌ನಲ್ಲಿ ಅಂಥವರಿದ್ದರು. ಅಧ್ಯಕ್ಷ ಜಾನ್ ವಿಲಿಯಮ್ಸ್ ಇದ್ದರು, ವ್ಯವಸ್ಥಾಪಕ ನಿರ್ದೇಶಕ ಟಾಮ್ ಫಿನ್ ಇದ್ದರು. ಮ್ಯಾನೇಜರ್ ಸ್ಯಾಮ್ ಅಲ್ಲಾರ್ಡೈಸ್ 2008ರ ಡಿಸೆಂಬರ್‌ನಲ್ಲಿ ಬಂದಾಗ ತಂಡ ಪಟ್ಟಿಯ ತಳಭಾಗದಲ್ಲಿತ್ತು. ಅವರು ಅದನ್ನು ಉಳಿಸಿಕೊಂಡರು, ಮರುವರ್ಷ 10ನೇ ಸ್ಥಾನಕ್ಕೆ ತಂದರು. ಅವರ ಆಟ ಕಣ್ಣಿಗೆ ಚೆಂದವಿರಲಿಲ್ಲ, ಒಪ್ಪುತ್ತೇನೆ. ಆದರೆ ಸಣ್ಣ ಊರಿನ ಸಣ್ಣ ಬಜೆಟ್ಟಿನ ತಂಡ ದೊಡ್ಡವರ ನಡುವೆ ಬದುಕಿಕೊಂಡಿತ್ತು. 2010ರ ಡಿಸೆಂಬರ್ 13ರಂದು, ತಂಡ 13ನೇ ಸ್ಥಾನದಲ್ಲಿರುವಾಗ, ಅವರನ್ನು ಕಿತ್ತುಹಾಕಲಾಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಅಂಥವರು ಬಹಿರಂಗವಾಗಿ ಖಂಡಿಸಿದರು. ತಮ್ಮನ್ನು ಒಂದು ಮಾತೂ ಕೇಳದೆ ಇದು ನಡೆಯಿತೆಂದು ವಿಲಿಯಮ್ಸ್ ಮತ್ತು ಜತೆಗಾರರು ಮಾಲೀಕರಿಗೆ ಪತ್ರ ಬರೆದಿದ್ದ ಸಂಗತಿ ಆಮೇಲೆ ಪತ್ರಿಕೆಗಳಲ್ಲಿ ಬಂತು. 2011ರ ಫೆಬ್ರುವರಿಯಲ್ಲಿ ವಿಲಿಯಮ್ಸ್ ಹೊರಟರು, ಅದೇ ವರ್ಷ ಫಿನ್ ಕೂಡ.

ಅಲ್ಲಾರ್ಡೈಸ್ ಜಾಗಕ್ಕೆ ಬಂದವರು ತರಬೇತುದಾರರ ಬಳಗದಲ್ಲಿದ್ದ ಸ್ಟೀವ್ ಕೀನ್. ಅದುವರೆಗೆ ಯಾವ ಕ್ಲಬ್ಬಿಗೂ ಮ್ಯಾನೇಜರ್ ಆಗಿದ್ದವರಲ್ಲ. ಕ್ಲಬ್ ಖರೀದಿಯಲ್ಲಿ ವೆಂಕೀಸ್‌ಗೆ ಸಲಹೆ ಕೊಟ್ಟವರಲ್ಲಿ ಜೆರೋಮ್ ಆಂಡರ್ಸನ್ ಎಂಬ ಫುಟ್‌ಬಾಲ್ ಏಜೆಂಟ್ ಒಬ್ಬರು. ಕೀನ್ ಅವರ ಏಜೆಂಟ್ ಕೂಡ ಅವರೇ ಆಗಿದ್ದರು. ಇದರಲ್ಲಿ ಕಾನೂನು ಮೀರಿದ್ದೇನೂ ಇಲ್ಲದಿರಬಹುದು. ಆದರೆ ಮನೆ ಕೊಡಿಸಿದ ದಲ್ಲಾಳಿಯ ಕಡೆಯವರೇ ಮನೆಯ ಉಸ್ತುವಾರಿಗೂ ಬಂದು ಕುಳಿತರೆ ಮನೆಯೊಡೆಯ ಒಂದು ಸಲ ನಿಂತು ಯೋಚಿಸಬೇಕಿತ್ತು.

ಮುಂದಿನದು ಬೇಗ ನಡೆಯಿತು. 2011ರ ಬೇಸಿಗೆಯಲ್ಲಿ ತಂಡದ ಎಳೆಯ ರಕ್ಷಣಾ ಆಟಗಾರ ಫಿಲ್ ಜೋನ್ಸ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಾಟವಾದ. 2012ರ ಆರಂಭದಲ್ಲಿ ನಾಯಕನಾಗಿದ್ದ ರಯಾನ್ ನೆಲ್ಸೆನ್ ಹೋದ, ಕ್ರಿಸ್ಟೊಫರ್ ಸಾಂಬಾ ರಷ್ಯಾಕ್ಕೆ ಹೋದ. ರಕ್ಷಣೆಯ ಗೋಡೆಯೇ ಹೋಯಿತು. ಅಷ್ಟರಲ್ಲಿ ಆಟಗಾರರನ್ನು ಕೂರಿಸಿ ಕೋಳಿ ತಿನ್ನಿಸಿದ ಜಾಹೀರಾತೂ ಬಂದಿತ್ತು. ತಂಡ ಸೋಲುತ್ತಿರುವಾಗ ಅದನ್ನು ನೋಡಿದ ಊರಿನವರಿಗೆ ಹೇಗಾಗಿರಬೇಕು?

2012ರ ಮೇ 7ರ ರಾತ್ರಿ ಈವುಡ್ ಪಾರ್ಕ್‌ನಲ್ಲಿ ವಿಗನ್ ಎದುರು ಪಂದ್ಯ. ಸೋತರೆ ಕೆಳಗಿನ ಲೀಗ್. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೆ ಯಾರೋ ಅಂಕಣದೊಳಕ್ಕೆ ಒಂದು ಜೀವಂತ ಕೋಳಿ ಬಿಟ್ಟರು, ಅದರ ಮೈಗೆ ರೋವರ್ಸ್ ಬಾವುಟ ಹೊದಿಸಿದ್ದರು. ಹಸಿರು ಹುಲ್ಲಿನ ಮೇಲೆ, ದೀಪದ ಬೆಳಕಿನಲ್ಲಿ, ಆಟಗಾರರ ಕಾಲುಗಳ ನಡುವೆ ಆ ಕೋಳಿ ದಿಕ್ಕು ತಿಳಿಯದೆ ಓಡಾಡಿತು. ಜಗತ್ತಿನ ಟಿವಿಗಳೆಲ್ಲ ತೋರಿಸಿದವು, ಬಹಳ ಮಂದಿ ನಕ್ಕರು. ನನಗೆ ನಗು ಬರಲಿಲ್ಲ. ಆ ಬಾವುಟ ಹೊದಿಸಿದ ಕೈ ಅದೇ ಬಾವುಟವನ್ನು ಎಷ್ಟು ವರ್ಷ ಎತ್ತಿ ಹಿಡಿದಿತ್ತೋ. 87ನೇ ನಿಮಿಷದಲ್ಲಿ ವಿಗನ್‌ನ ಅಲ್ಕರಾಸ್ ತಲೆಯಿಂದ ಗೋಲು ಹೊಡೆದ. ಬ್ಲ್ಯಾಕ್‌ಬರ್ನ್ ಪ್ರೀಮಿಯರ್ ಲೀಗಿನಿಂದ ಹೊರಬಿತ್ತು.

ಕೆಳಗೆ ಬಿದ್ದ ಮೇಲಾದರೂ ಪಾಠ ಕಲಿತರೆ? 2012ರ ಸೆಪ್ಟೆಂಬರ್ ಕೊನೆಯಲ್ಲಿ ಕೀನ್ ಹೋದರು. ಹೆನಿಂಗ್ ಬರ್ಗ್ ಬಂದು 57 ದಿನ ಇದ್ದರು. ಮೈಕಲ್ ಆಪಲ್‌ಟನ್ ಬಂದು 67 ದಿನ ಇದ್ದರು. ಇಷ್ಟರ ನಡುವೆ ಮಲೇಷ್ಯಾದ ಟಿವಿ ವಿಶ್ಲೇಷಕರೊಬ್ಬರು ಜಾಗತಿಕ ಸಲಹೆಗಾರರಾಗಿ ಬಂದು ಕ್ಲಬ್ಬಿನ ಪರವಾಗಿ ಮಾತನಾಡುತ್ತಿದ್ದರು. ಮ್ಯಾನೇಜರನ್ನು ತೆಗೆಯುವವರು ಯಾರು, ಆಟಗಾರನನ್ನು ಕೊಳ್ಳಲು ಸಹಿ ಹಾಕುವವರು ಯಾರು, ಪುಣೆಯವರೋ ಬ್ಲ್ಯಾಕ್‌ಬರ್ನ್‌ನವರೋ ಎಂಬುದು ಆಟಗಾರರಿಗೂ ಗೊತ್ತಾಗದ ಸ್ಥಿತಿ. 2017ರಲ್ಲಿ ತಂಡ ಮೂರನೇ ದರ್ಜೆಗೆ ಕುಸಿಯಿತು. ಲೀಗ್ ಗೆದ್ದು 22 ವರ್ಷಕ್ಕೆ.

ಮಾಲೀಕರ ಪರವಾಗಿ ಹೇಳಬೇಕಾದ ಮಾತು ಇದೆ, ಅದನ್ನು ನುಂಗಿಕೊಳ್ಳುವುದು ನ್ಯಾಯವಲ್ಲ. ಅವರು ಕ್ಲಬ್ಬನ್ನು ಕೈಬಿಟ್ಟು ಓಡಲಿಲ್ಲ. ಇದುವರೆಗೆ ಹಾಕಿದ ಹಣ 20 ಕೋಟಿ ಪೌಂಡ್ ದಾಟಿದೆ. ಪಕ್ಕದ ಊರು ಬ್ಯೂರಿಯ ಕ್ಲಬ್ಬು ಹಣವಿಲ್ಲದೆ 2019ರಲ್ಲಿ ಲೀಗಿನಿಂದಲೇ ಹೊರಹಾಕಿಸಿಕೊಂಡಿತು, ಬ್ಲ್ಯಾಕ್‌ಬರ್ನ್‌ಗೆ ಆ ಗತಿ ಬರಲಿಲ್ಲ. 2017ರ ಫೆಬ್ರುವರಿಯಲ್ಲಿ ಟೋನಿ ಮೌಬ್ರೆಯನ್ನು ತಂದು ಐದು ವರ್ಷ ಅವರ ಪಾಡಿಗೆ ಕೆಲಸ ಮಾಡಲು ಬಿಟ್ಟರು. ಅವರು ಒಂದೇ ವರ್ಷದಲ್ಲಿ ತಂಡವನ್ನು ಎರಡನೇ ದರ್ಜೆಗೆ ಮರಳಿ ತಂದರು. ಆ ಐದು ವರ್ಷದಲ್ಲಿ ಈವುಡ್ ಪಾರ್ಕ್‌ನ ಸುತ್ತ ಗಾಳಿಸುದ್ದಿ ಎಷ್ಟು ತಗ್ಗಿತ್ತು ನೋಡಿ. ಮಾಲೀಕರು ಅವರೇ, ಊರು ಅದೇ. ಬದಲಾದದ್ದು ಒಂದೇ, ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯ ಅಲ್ಲಿದ್ದ. ಅದು ಮಾಲೀಕರಿಗೆ ಅರ್ಥವಾಗಬೇಕಿತ್ತು.

ಅರ್ಥವಾಗಲಿಲ್ಲ ಎನ್ನಲು ಎರಡು ಜನವರಿಗಳು ಸಾಕು. 2023ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಲೂಯಿಸ್ ಓಬ್ರಿಯನ್‌ನನ್ನು ಎರವಲು ಪಡೆಯುವ ಮಾತು ಮುಗಿದಿತ್ತು, ಕಾಗದಪತ್ರ ಗಡುವು ಮೀರಿ ಹೋಯಿತು, ಲೀಗು ಒಪ್ಪಲಿಲ್ಲ. ಮರುವರ್ಷ ಅಮೆರಿಕದ ಒರ್ಲ್ಯಾಂಡೊದಿಂದ ಡಂಕನ್ ಮೆಗ್ವೈರ್ ಎಂಬ ಮುಂಚೂಣಿ ಆಟಗಾರ ಬಂದ. ಸಾಗರ ದಾಟಿ ಬಂದ ಹುಡುಗ. ಕ್ಲಬ್ಬು ಕಳುಹಿಸಿದ ಕಾಗದದಲ್ಲಿ ಲೋಪವಿತ್ತು, ನೋಂದಣಿ ಆಗಲಿಲ್ಲ, ಬಂದ ದಾರಿಯಲ್ಲೇ ವಾಪಸ್ ಹೋದ. ಅದೇ ದಿನಗಳಲ್ಲಿ ಇದೇ ಊರಿನಲ್ಲಿ ಬೆಳೆದ ಆಡಂ ವಾರ್ಟನ್‌ನನ್ನು ಕ್ರಿಸ್ಟಲ್ ಪ್ಯಾಲೆಸ್‌ಗೆ ಮಾರಿದರು. ಮಾರುವ ಕಾಗದ ಸರಿಯಾಗಿ ತಲುಪುತ್ತದೆ, ಕೊಳ್ಳುವ ಕಾಗದ ಮಾತ್ರ ತಲುಪುವುದಿಲ್ಲ ಎಂದು ಅಭಿಮಾನಿ ಅಂದುಕೊಂಡರೆ ಅವನ ತಪ್ಪೇನು? 2025ರ ಫೆಬ್ರುವರಿಯಲ್ಲಿ ಮ್ಯಾನೇಜರ್ ಜಾನ್ ಯೂಸ್ಟಸ್ ಬಡ್ತಿಯ ಹಾದಿಯಲ್ಲಿದ್ದ ತಂಡವನ್ನು ಬಿಟ್ಟು, ಪಟ್ಟಿಯ ತಳಭಾಗದಲ್ಲಿ ಒದ್ದಾಡುತ್ತಿದ್ದ ಡರ್ಬಿಗೆ ಹೋದರು. ಅದೇ ವರ್ಷದ ಮೇ ತಿಂಗಳಲ್ಲಿ ಮಹಿಳಾ ತಂಡಕ್ಕೆ ಬೇಕಾದ ಖರ್ಚಿಗೆ ಕ್ಲಬ್ಬು ಒಪ್ಪದೆ ಆ ತಂಡ ಎರಡನೇ ದರ್ಜೆಯಿಂದ ನೇರ ನಾಲ್ಕನೇ ದರ್ಜೆಗೆ ಇಳಿಯಿತು. ಆ ಹೆಣ್ಣುಮಕ್ಕಳು ಮೈದಾನದಲ್ಲಿ ಸೋತು ಇಳಿದವರಲ್ಲ.

ಭಾರತದಲ್ಲಿ ನಡೆದ ತನಿಖೆಯ ಕಾರಣ ಕ್ಲಬ್ಬಿಗೆ ಹಣ ಕಳುಹಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾಗಿ ಬಂತು. ತಪ್ಪು ಯಾರದೆಂದು ಕೋರ್ಟು ಹೇಳಲಿ, ಅದು ನನ್ನ ಕೆಲಸವಲ್ಲ. ಆದರೆ ಹಣ ಕಳುಹಿಸುವುದೊಂದೇ ಮಾಲೀಕರು ಮಾಡುತ್ತಿದ್ದ ಕೆಲಸವಾಗಿತ್ತು. ಅದಕ್ಕೂ ತೊಡಕು ಬಂದ ಮೇಲೆ ಇನ್ನೇನು ಉಳಿಯಿತು?

ಭಾರತೀಯರೆಂಬ ಕಾರಣಕ್ಕೆ ಬಿಳಿಯರು ಬೈಯುತ್ತಿದ್ದಾರೆ ಎಂಬ ವಾದವನ್ನು ಇಲ್ಲಿ ಆಗಾಗ ಕೇಳುತ್ತೇನೆ. ಬಣ್ಣ ನೋಡಿ ಬೈದವರು ಅಲ್ಲಿದ್ದರೆ ಅವರಿಗೆ ಧಿಕ್ಕಾರ. ಆದರೆ ಆ ವಾದಕ್ಕೆ ಲೆಸ್ಟರ್ ಉತ್ತರ ಕೊಡುತ್ತದೆ. ಅದೇ 2010ರಲ್ಲಿ ಥಾಯ್ಲೆಂಡಿನ ವಿಚಾಯ್ ಶ್ರೀವಡ್ಢನಪ್ರಭ ಲೆಸ್ಟರ್ ಸಿಟಿಯನ್ನು ಕೊಂಡರು. ಅವರೂ ಏಷ್ಯಾದವರು, ಅವರಿಗೂ ಆ ಊರು ಹೊಸದು. ಅವರು ಪಂದ್ಯಕ್ಕೆ ಬಂದು ಕೂರುತ್ತಿದ್ದರು. 2016ರಲ್ಲಿ ತಂಡ ಪ್ರೀಮಿಯರ್ ಲೀಗ್ ಗೆದ್ದಿತು. 2018ರ ಅಕ್ಟೋಬರ್‌ನಲ್ಲಿ ಪಂದ್ಯ ಮುಗಿಸಿ ಹೊರಟ ಅವರ ಹೆಲಿಕಾಪ್ಟರ್ ಮೈದಾನದ ಪಕ್ಕದಲ್ಲೇ ಬಿದ್ದು ಅವರು ತೀರಿಕೊಂಡಾಗ ಇಡೀ ಊರು ಹೂವಿಟ್ಟು ಅತ್ತಿತು. ಆ ಕ್ಲಬ್ಬಿಗೂ ಆಮೇಲೆ ಕಷ್ಟದ ದಿನ ಬಂದವು, ಅದು ಬೇರೆ ಮಾತು. ಊರಿನವರು ನೋಡಿದ್ದು ಮಾಲೀಕನ ಬಣ್ಣವನ್ನಲ್ಲ, ಅವನು ತಮ್ಮ ನಡುವೆ ಬಂದು ಕೂರುತ್ತಾನೋ ಇಲ್ಲವೋ ಎಂಬುದನ್ನು. ವೆಂಕೀಸ್ ಮನೆಯವರನ್ನು ಈವುಡ್ ಪಾರ್ಕ್ ನೋಡಿ ವರ್ಷಗಳೇ ಆದವು.

2025ರಲ್ಲಿ ಬ್ರಿಟನ್ ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತಕ್ಕೆ ಹೊಸ ಕಾಯ್ದೆ ಮಾಡಿ ಸ್ವತಂತ್ರ ನಿಯಂತ್ರಕರನ್ನು ತಂದಿದೆ. ಕ್ಲಬ್ ಮಾಲೀಕರ ಯೋಗ್ಯತೆಯನ್ನು ತೂಗುವ ಅಧಿಕಾರ ಅವರಿಗಿದೆ. ಅಷ್ಟು ದೂರ ಹೋಗುವ ಮೊದಲು ಪುಣೆಯ ಆ ಕುಟುಂಬ ತಾನೇ ಎರಡು ಕೆಲಸ ಮಾಡಬಹುದು. ಆಟಗಾರನನ್ನು ಕೊಳ್ಳುವ ಮಾರುವ, ಮ್ಯಾನೇಜರನ್ನು ನೇಮಿಸುವ ತೀರ್ಮಾನ ಯಾರದು, ಈ ವರ್ಷ ಖರ್ಚಿಗಿರುವ ಹಣ ಎಷ್ಟು ಎಂದು ಬಹಿರಂಗವಾಗಿ ಹೇಳುವುದು ಒಂದು. ವರ್ಷಕ್ಕೆ ನಾಲ್ಕು ಸಲವಾದರೂ ಬಂದು ಅಭಿಮಾನಿಗಳ ಎದುರು ಕೂರುವುದು ಇನ್ನೊಂದು.

ಬೆಳಿಗ್ಗೆಯ ದರವನ್ನು ಎಲ್ಲರಿಗೂ ಕೇಳುವಂತೆ ಹೇಳಿದ್ದರಿಂದಲೇ ನಿಮ್ಮ ತಂದೆಯನ್ನು ಈ ನಾಡಿನ ಕೋಳಿ ಸಾಕುವವರು ಇಂದಿಗೂ ನೆನೆಯುತ್ತಾರೆ, ಅನುರಾಧಾ ಅವರೇ. ಬ್ಲ್ಯಾಕ್‌ಬರ್ನ್‌ನವರು ಕೇಳುತ್ತಿರುವುದೂ ಅಷ್ಟನ್ನೇ. ಅದು ನಿಮ್ಮಿಂದ ಆಗದಿದ್ದರೆ, ದಯವಿಟ್ಟು, ಆ ಕ್ಲಬ್ಬನ್ನು ಮಾರಿಬಿಡಿ.