ರಕ್ತದಲ್ಲಿ ಕಂಡ ಒಂದು ಗೆರೆ

ಮಕ್ಕಳೇ, ಬಲಗಡೆ ಪಕ್ಕೆಲುಬಿನ ಮೇಲೆ ಕೈಯಿಟ್ಟುಕೊಳ್ಳಿ. ಅದರ ಮರೆಯಲ್ಲಿರುವುದೇ ಲಿವರ್. ಪಾಠದಲ್ಲಿ ಯಕೃತ್ತು ಎಂದು ಓದಿರುತ್ತೀರಿ. ಬಲು ತಾಳ್ಮೆಯ ಅಂಗ ಅದು, ಕೆಡುತ್ತಿದ್ದರೂ ವರ್ಷಗಟ್ಟಲೆ ಸುಮ್ಮನಿರುತ್ತದೆ. ಕಣ್ಣು ಹಳದಿಯಾದರೆ ನಾವು ಕಾಮಾಲೆ ಎನ್ನುತ್ತೇವೆ. ಆದರೆ ಹೆಪಟೈಟಿಸ್ ಬಿ ಎಂಬ ವೈರಸ್ ಕೆಲವರಲ್ಲಿ ಹಳದಿಯನ್ನೂ ತೋರಿಸದೆ ಇಪ್ಪತ್ತು ಮೂವತ್ತು ವರ್ಷ ಒಳಗೇ ಕುಳಿತು, ಕೊನೆಗೆ ಲಿವರ್ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತದೆ. ಅದನ್ನು ಪತ್ತೆ ಮಾಡಿದವರು ಹುಡುಕುತ್ತಿದ್ದುದು ಬೇರೆಯೇ ಏನನ್ನೋ!

ಬರೂಕ್ ಬ್ಲೂಮ್‌ಬರ್ಗ್ 1925ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. ಭೌತಶಾಸ್ತ್ರ ಓದಿ, ಗಣಿತಕ್ಕೆ ಸೇರಿ, ತಂದೆಯ ಮಾತಿನ ಮೇಲೆ ಡಾಕ್ಟರಾದರು. ಒಂದೇ ಊರಿನಲ್ಲಿದ್ದೂ ಒಬ್ಬ ಕಾಯಿಲೆ ಬೀಳುತ್ತಾನೆ, ಇನ್ನೊಬ್ಬ ಗಟ್ಟಿಯಾಗಿರುತ್ತಾನೆ, ಯಾಕೆ? ಈ ಪ್ರಶ್ನೆ ಹಿಡಿದು ದೇಶದೇಶಗಳ ಜನರ ರಕ್ತದ ಮಾದರಿ ಕೂಡಿಹಾಕಿದರು.

ಅವರ ಪರೀಕ್ಷೆ ಸರಳ. ಚೈನಾ ಗ್ರಾಸ್ ಹಾಕಿ ಅಜ್ಜಿ ಪುಡ್ಡಿಂಗ್ ಮಾಡುತ್ತಾರಲ್ಲ, ಆ ಚೈನಾ ಗ್ರಾಸನ್ನೇ ಪ್ರಯೋಗಾಲಯದಲ್ಲಿ ಅಗರ್ ಎನ್ನುತ್ತಾರೆ. ಅಗರ್ ಜೆಲ್ಲಿಯಲ್ಲಿ ಎರಡು ಗುಳಿ ಮಾಡಿ, ಇಬ್ಬರ ರಕ್ತದಿಂದ ತೆಗೆದ ತಿಳಿರಸ ಹಾಕುವುದು. ಒಂದರಲ್ಲಿರುವ ವಸ್ತುವಿಗೆ ಇನ್ನೊಂದರಲ್ಲಿ ಪ್ರತಿರೋಧ ಇದ್ದರೆ ನಡುವೆ ತೆಳ್ಳನೆಯ ಗೆರೆ ಮೂಡುತ್ತದೆ. 1963ರಲ್ಲಿ ಅಂಥದ್ದೊಂದು ಗೆರೆ ಕಂಡಿತು. ಒಂದು ಗುಳಿಯಲ್ಲಿ ಹಲವು ಸಲ ರಕ್ತ ಹಾಕಿಸಿಕೊಂಡಿದ್ದ ನ್ಯೂಯಾರ್ಕಿನ ಹಿಮೋಫಿಲಿಯಾ ರೋಗಿಯ ರಕ್ತರಸ, ಇನ್ನೊಂದರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರದು. ಎಲ್ಲಿಯ ನ್ಯೂಯಾರ್ಕ್, ಎಲ್ಲಿಯ ಆಸ್ಟ್ರೇಲಿಯಾ!

ಲೆಡ್ಜರ್ ನೋಡಿಕೊಂಡೇ ನಿವೃತ್ತನಾದ ನನಗೆ ಈ ಭಾಗ ಬಹಳ ಇಷ್ಟ. ಸಂಜೆ ಲೆಕ್ಕ ಹತ್ತು ಪೈಸೆ ತಾಳೆಯಾಗದಿದ್ದರೂ ನಾವು ಮನೆಗೆ ಹೋಗುವಂತಿರಲಿಲ್ಲ. ಜೇಬಿನಿಂದ ಹತ್ತು ಪೈಸೆ ಹಾಕಿ ಮುಗಿಸೋಣವೆಂದರೆ ಮ್ಯಾನೇಜರು ಒಪ್ಪುತ್ತಿರಲಿಲ್ಲ. ಅದರ ಹಿಂದೆ ಹತ್ತು ಸಾವಿರದ ವ್ಯತ್ಯಾಸ ಅಡಗಿರಬಹುದು. ಬ್ಲೂಮ್‌ಬರ್ಗ್ ತಂಡವೂ ಗೆರೆಯನ್ನು ಬಿಡಲಿಲ್ಲ. ಆಸ್ಟ್ರೇಲಿಯಾ ಆಂಟಿಜೆನ್ ಎಂದು ಹೆಸರಿಟ್ಟು ಬೆನ್ನು ಹತ್ತಿತು.

ಮೊದಲ ಪರೀಕ್ಷೆಯಲ್ಲಿ ಗೆರೆ ಇಲ್ಲದ ಒಬ್ಬ ರೋಗಿಗೆ ಆಮೇಲಿನ ಪರೀಕ್ಷೆಯಲ್ಲಿ ಗೆರೆ ಬಂತು. ನೋಡಿದರೆ ಅವನ ಲಿವರ್ ಊದಿಕೊಂಡಿತ್ತು. 1967ರಲ್ಲಿ ಪ್ರಯೋಗಾಲಯದ ಬಾರ್ಬರಾ ವರ್ನರ್ ಎಂಬಾಕೆಗೆ ಮೈ ಸರಿಯಿಲ್ಲ ಅನ್ನಿಸಿತು. ತಮ್ಮ ರಕ್ತವನ್ನೇ ಜೆಲ್ಲಿಗೆ ಹಾಕಿದರು. ಗೆರೆ ಬಂತು! ಆಕೆ ಗುಣವಾದರು. ಆ ಆಂಟಿಜೆನ್ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂಬುದು ಕ್ರಮೇಣ ಗೊತ್ತಾಯಿತು. 1969ರಲ್ಲಿ ಬ್ಲೂಮ್‌ಬರ್ಗ್ ಮತ್ತು ಇರ್ವಿಂಗ್ ಮಿಲ್ಮನ್ ಆ ಕವಚದಿಂದಲೇ ಲಸಿಕೆ ಮಾಡುವ ದಾರಿ ತೋರಿಸಿದರು. 1976ರಲ್ಲಿ ಬ್ಲೂಮ್‌ಬರ್ಗ್‌ಗೆ ನೊಬೆಲ್ ಬಂತು. 1981ರಲ್ಲಿ ಅಮೆರಿಕ ಲಸಿಕೆಗೆ ಒಪ್ಪಿಗೆ ಕೊಟ್ಟಿತು.

ಕ್ಯಾನ್ಸರಿನ ಲೆಕ್ಕ ಸಿಕ್ಕಿದ್ದು ತೈವಾನಿನಲ್ಲಿ. ಪಾಮರ್ ಬೀಸ್ಲಿ ಎಂಬ ಡಾಕ್ಟರು 22,707 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ವೈರಸ್ ಹೊತ್ತವರಿಗೆ ಲಿವರ್ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ 200 ಪಟ್ಟಿಗೂ ಹೆಚ್ಚು! 1984ರಲ್ಲಿ ಅಲ್ಲಿ ಹಸುಗೂಸುಗಳಿಗೆ ಲಸಿಕೆ ಶುರುವಾಯಿತು. ಹತ್ತು ವರ್ಷದೊಳಗೆ 6ರಿಂದ 14 ವರ್ಷದ ಮಕ್ಕಳಲ್ಲಿ ಆ ಕ್ಯಾನ್ಸರ್ ಸುಮಾರು ಅರ್ಧಕ್ಕಿಳಿಯಿತು.

ನಮ್ಮಲ್ಲೂ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು, ಆಮೇಲೆ 6, 10, 14ನೇ ವಾರ. "ಈಗಷ್ಟೇ ಹುಟ್ಟಿದ ಕೂಸಿಗೆ ಸೂಜಿಯೇ?" ಎಂದು ತಡೆಯುವ ಅಜ್ಜಿಯರನ್ನು ಕಂಡಿದ್ದೇನೆ. ಅಮ್ಮಾ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಈ ವೈರಸ್ ತಗುಲಿದ ಹತ್ತು ಕೂಸುಗಳಲ್ಲಿ ಒಂಬತ್ತರಲ್ಲಿ ಅದು ಉಳಿದುಬಿಡುತ್ತದೆ. ದೊಡ್ಡವರಿಗೆ ತಗುಲಿದರೆ ಬಹುಮಟ್ಟಿಗೆ ತಾನೇ ಹೋಗುತ್ತದೆ. ಮೊದಲ ದಿನಕ್ಕೆ ಅಷ್ಟು ಬೆಲೆ.

ಇನ್ನೊಂದು ಮಾತು. ನಾನಿದ್ದ ಒಂದು ಶಾಖೆಯಲ್ಲಿ ಸಹೋದ್ಯೋಗಿಯೊಬ್ಬರಿಗೆ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾದ ಮರುದಿನವೇ ಅವರ ಲೋಟ ಬೇರೆಯಾಯಿತು, ಊಟದ ಡಬ್ಬಿ ಮೂಲೆ ಸೇರಿತು. ಒಟ್ಟಿಗೆ ಉಂಡರೆ, ಕೈ ಕುಲುಕಿದರೆ ಇದು ಬರುವುದಿಲ್ಲ. ಬರುವುದು ರಕ್ತದಿಂದ, ಒಬ್ಬರ ಸೂಜಿ, ರೇಜರ್ ಇನ್ನೊಬ್ಬರು ಬಳಸಿದರೆ. ಅವರು ನಿವೃತ್ತರಾಗುವವರೆಗೂ ಒಬ್ಬರೇ ಉಂಡರು.

ನೆಲನೆಲ್ಲಿ ಕಷಾಯದ ಮಾತೇನು ಎಂದು ತಾತಂದಿರು ಕೇಳುವುದು ಖಂಡಿತ. ಬ್ಲೂಮ್‌ಬರ್ಗ್ ಅದನ್ನೂ ತಳ್ಳಿಹಾಕಲಿಲ್ಲ. ಮದ್ರಾಸಿನ ವಿಜ್ಞಾನಿಗಳೊಂದಿಗೆ ಸೇರಿ 1988ರಲ್ಲಿ ವರದಿ ಪ್ರಕಟಿಸಿದರು. ನೆಲನೆಲ್ಲಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆಂಟಿಜೆನ್ ಮಾಯವಾಗಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಬೇರೆ ದೇಶಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಕಷಾಯ ನಂಬಿ ಡಾಕ್ಟರನ್ನು ಬಿಡಬೇಡಿ.

ಬ್ಲೂಮ್‌ಬರ್ಗ್ ಹುಟ್ಟಿದ ಜುಲೈ 28ನ್ನೇ ಈಗ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ. ಆಪರೇಷನ್ನಿಗೆ ಮುಂಚೆ ತಾತನಿಗೋ ಅಜ್ಜಿಗೋ ಬರೆದುಕೊಡುವ ರಕ್ತಪರೀಕ್ಷೆಯ ಚೀಟಿ ಕೈಗೆ ಸಿಕ್ಕರೆ ಓದಿ ನೋಡಿ ಮಕ್ಕಳೇ. ಎಚ್‌ಬಿಎಸ್‌ಎಜಿ ಎಂದು ಒಂದು ಸಾಲಿರುತ್ತದೆ. ಅದು ಅದೇ ಹಳೆಯ ಆಸ್ಟ್ರೇಲಿಯಾ ಆಂಟಿಜೆನ್.