ಟಾಕೀಸಿನ ಪರದೆಗೂ ಗಡಿ ಎಳೆದವರು ಯಾರು?



ಅಫ್ಘಾನಿಸ್ತಾನದ ಕಾಬೂಲಿನಲ್ಲಿ ‘ಅರಿಯಾನಾ’ ಎಂಬ ಹಳೆಯ ಚಿತ್ರಮಂದಿರವಿತ್ತು. 1990ರ ದಶಕದ ಅಂತರ್ಯುದ್ಧದಲ್ಲಿ ಅದು ಹಾಳಾಯಿತು. 2004ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು, ಹಿಂದಿ ಚಿತ್ರಗಳು ಓಡಿದವು. 2021ರಲ್ಲಿ ತಾಲಿಬಾನ್ ಬಂದ ಮೇಲೆ ಬಾಗಿಲು ಮುಚ್ಚಿತು. 2025ರ ಡಿಸೆಂಬರಿನಲ್ಲಿ ಅಂಗಡಿ ಸಂಕೀರ್ಣ ಕಟ್ಟಲೆಂದು ಅದನ್ನು ಕೆಡವಿದರು. ಸುದ್ದಿ ಓದಿ ಎಲ್ಲರೂ ಅಯ್ಯೋ ಅಂದೆವು. ಸರಿ, ಅಲ್ಲಿ ಯುದ್ಧ ನಡೆದಿತ್ತು. ನಾರಾಯಣಪೇಟೆ, ಮಕ್ತಲ್, ಗದ್ವಾಲದಲ್ಲಿ ಯಾವ ಯುದ್ಧ ನಡೆಯಿತು? ಇಲ್ಲಿನ ಪರದೆಯ ಮೇಲೆ ಕನ್ನಡ ಮಾತು ಏಕೆ ಅಪರೂಪವಾಯಿತು?

1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ಅದೇ ವರ್ಷ ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು. ಎರಡರಲ್ಲೂ ನಾಯಕ ನಮ್ಮ ರಾಜಕುಮಾರರೇ! ಆಗ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಗದ್ವಾಲ ಆಂಧ್ರಪ್ರದೇಶಕ್ಕೆ ಬಂತು. ಗೆರೆ ಬಿದ್ದದ್ದು ನೆಲದ ಮೇಲೆ. ಕನ್ನಡದ ಕಿವಿಗೂ ಗೆರೆ ಎಳೆಯಿರಿ ಎಂದು ಯಾವ ಆಯೋಗವೂ ಹೇಳಿರಲಿಲ್ಲ.

ಈಗಿನ ಸ್ಥಿತಿ ನೋಡಿ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಕನ್ನಡದಲ್ಲಿ ಬಿಡುಗಡೆಯಾಯಿತು. ಎರಡೇ ವಾರದಲ್ಲಿ ತೆಲುಗಿಗೆ ಡಬ್ ಆಗಿ ಬಂತು. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳು ಕನ್ನಡದ ಚಿತ್ರವನ್ನು ತೆಲುಗಿನಲ್ಲಿ ನೋಡಿ ಬಂದರು! ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆ ಎಂದು ದಶಕಗಳ ಕಾಲ ಕೂಗಿದ ಉದ್ಯಮ, ತನ್ನ ಚಿತ್ರ ಗಡಿ ದಾಟುವಾಗ ಮಾತ್ರ ಕನ್ನಡವನ್ನು ಗಡಿಯಲ್ಲೇ ಇಳಿಸಿ ಬರುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರೆ ಇದೇ ಅಲ್ಲವೇ?

“ಮೊಬೈಲಿನಲ್ಲಿ ಎಲ್ಲಾ ಸಿಗುತ್ತದಲ್ಲ ಮೇಷ್ಟ್ರೇ” ಎನ್ನುವವರಿದ್ದಾರೆ. ಸಿಗುತ್ತದೆ, ಹುಡುಕುವವರಿಗೆ. ನಮ್ಮ ಮಕ್ಕಳು ಹುಡುಕುವುದಿಲ್ಲ, ಬಂದದ್ದನ್ನು ನೋಡುತ್ತಾರೆ. ಟಾಕೀಸಿನಲ್ಲಿ ನೂರು ಜನ ಒಂದೇ ಮಾತಿಗೆ ನಕ್ಕಾಗ ಮಗುವಿಗೆ ಒಂದು ಸಂಗತಿ ತಿಳಿಯುತ್ತದೆ: ಈ ಭಾಷೆ ಪರೀಕ್ಷೆಗೆ ಮಾತ್ರ ಅಲ್ಲ, ಬದುಕಿಗೂ ಇದೆ. ಅದನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಈ ನಂಬಿಕೆ ಹೋದ ದಿನವೇ ತಂದೆತಾಯಿಗಳು ವರ್ಗಾವಣೆ ಪತ್ರ ಕೇಳಿಕೊಂಡು ಬರುತ್ತಾರೆ.

ಗಡಿಯಾಚೆಯ ಕನ್ನಡ ಶಾಲೆಯ ಮೇಲೆಯೇ ಒಂದು ಚಿತ್ರವಿದೆ. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಅದು ನಮ್ಮದೇ ಕಥೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ದೊಡ್ಡ ಪರದೆಯಲ್ಲಿ ನೋಡಿದ್ದಾರೆ? ಎದೆ ಮುಟ್ಟಿ ಹೇಳಿ!

ವ್ಯಾಪಾರದ ಕಷ್ಟ ನನಗೂ ಗೊತ್ತು. 1974ರಲ್ಲಿ ‘ಬಂಗಾರದ ಪಂಜರ’ದಿಂದ ಆರಂಭವಾದ ಬೆಂಗಳೂರಿನ ಕಾವೇರಿ ಚಿತ್ರಮಂದಿರವೇ 2024ರಲ್ಲಿ ಮುಚ್ಚಿತು. ಹಾಗಿರುವಾಗ ಸಣ್ಣ ಊರಿನ ಟಾಕೀಸಿನವರು ನಷ್ಟ ಮಾಡಿಕೊಳ್ಳಲಿ ಎಂದು ನಾನು ಕೇಳುತ್ತಿಲ್ಲ. ತೆಲುಗಿನ ಮೇಲೂ ನನಗೆ ಕೋಪವಿಲ್ಲ. ಅದು ನಮ್ಮ ನೆರೆಯ ಭಾಷೆ, ಅನ್ನದ ಭಾಷೆ. ಕೇಳುವುದು ಮೂರೇ ಮಾತು.

ಒಂದು, ಡಬ್ ಆದ ಕನ್ನಡ ಚಿತ್ರ ಬಂದಾಗ ಭಾನುವಾರ ಬೆಳಗಿನ ಒಂದು ಆಟ ಮೂಲ ಕನ್ನಡದಲ್ಲಿರಲಿ. ಎರಡು, ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ರಾಜ್ಯೋತ್ಸವದ ಶಾಲು ಹಾರದ ಜೊತೆಗೆ ನಮ್ಮ ಶಾಲೆಗಳಿಗೆ ಪ್ರೊಜೆಕ್ಟರ್, ಪರದೆ ಮತ್ತು ಹಕ್ಕು ಪಡೆದ ಮಕ್ಕಳ ಚಿತ್ರಗಳನ್ನು ಕೊಡಲಿ. ಮೂರು, ಆಟ ಇಟ್ಟ ದಿನ ನಾವು ಶಿಕ್ಷಕರು, ಪಾಲಕರು ಟಿಕೆಟ್ ಕೊಂಡು ಮಕ್ಕಳ ಕೈ ಹಿಡಿದು ಹೋಗೋಣ. ಕುರ್ಚಿಗಳು ಖಾಲಿ ಉಳಿದರೆ ಆಮೇಲೆ ಯಾರನ್ನೂ ದೂರುವ ಹಕ್ಕು ನಮಗಿಲ್ಲ.

ಕಾಬೂಲಿನವರಿಗೆ ಕೇಳುವ ಅವಕಾಶವೇ ಇರಲಿಲ್ಲ. ನಮಗಿದೆ. ಕೇಳದೆ ಕೂತರೆ ತಪ್ಪು ಯಾರದು?