ನೋವಿಗೂ ಇಂಗ್ಲಿಷ್ ಕಲಿಸಬೇಕೇ?

ಕನ್ನಡದ ಯುವಕರೇ,

ಅಂಗಡಿ ಬೋರ್ಡಿನಲ್ಲಿ ಕನ್ನಡ ಎಲ್ಲಿ ಎಂದು ಕೇಳುತ್ತೀರಿ. ಕೇಳಲೇಬೇಕು. ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ಕನ್ನಡ ಎಲ್ಲಿ ಎಂದು ಎಂದಾದರೂ ಕೇಳಿದ್ದೀರಾ?

ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ನನ್ನ ತಾಯಿಗೆ ಮಂಡಿ ಆಪರೇಷನ್ ಆಯಿತು. ನೋವು ತಿಳಿಯದಿರಲೆಂದು ಬೆನ್ನುಹುರಿಯ ಹತ್ತಿರ ದಾರದಂಥ ನಳಿಕೆ ಇಟ್ಟು ಔಷಧಿ ಹರಿಸುತ್ತಿದ್ದರು. ಎಪಿಡ್ಯೂರಲ್ ಎನ್ನುತ್ತಾರೆ. ರಾತ್ರಿ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಅಮ್ಮ ನರ್ಸನ್ನು ಕರೆದು, ‘ಕಾಲು ಮರಗಟ್ಟಿದೆ ಕಣಮ್ಮ, ಎತ್ತೋಕಾಗ್ತಿಲ್ಲ’ ಎಂದರು. ಆ ಹುಡುಗಿ ‘ಪೇನ್? ಪೇನ್?’ ಎಂದಳು. ನೋವಿರಲಿಲ್ಲ, ಇಲ್ಲವೆಂದು ಅಮ್ಮ ತಲೆಯಾಡಿಸಿದರು. ಚಾರ್ಟಿನಲ್ಲಿ ಸೊನ್ನೆ ಬಿತ್ತು! ಬೆಳಗ್ಗೆ ನೆಲ ಒರೆಸಲು ಬಂದ ಆಯಾ ಕೇಳಿಸಿಕೊಂಡು ಡಾಕ್ಟರನ್ನು ಕರೆತಂದಳು. ಔಷಧಿ ನಿಲ್ಲಿಸಿದರು. ಕಾಲಿಗೆ ಬಲ ಮರಳಿತು. ನಮ್ಮ ಪುಣ್ಯ!

ಇದೇನು ಸಣ್ಣ ಮಾತೇ? ಕಾಲಿನ ಬಲ ಕುಗ್ಗುತ್ತಾ ಹೋದರೆ ಔಷಧಿ ಹೆಚ್ಚಾಗಿರಬಹುದು. ಅಪರೂಪಕ್ಕೆ ಬೆನ್ನುಹುರಿಯ ಬಳಿ ರಕ್ತ ಹೆಪ್ಪುಗಟ್ಟಿ ಒತ್ತುತ್ತಿರಲೂಬಹುದು. ಕೆಲವೇ ಗಂಟೆಗಳಲ್ಲಿ ಗುರುತಿಸದಿದ್ದರೆ ಕಾಲು ಶಾಶ್ವತವಾಗಿ ಹೋದೀತು. ಮಾರ್ಫಿನ್ ಕೊಟ್ಟಿದ್ದರೆ 24 ಗಂಟೆಯವರೆಗೂ ಉಸಿರು ಕುಂಠಿತವಾಗುವ ಅಪಾಯವಿದೆ. ಮೈ ನವೆ, ಮೂತ್ರ ಕಟ್ಟುವುದು ಬೇರೆ. ಉಸಿರನ್ನು ನರ್ಸ್ ಎಣಿಸಬಹುದು. ಜೋಮು, ಉರಿ, ಸೆಳೆತ, ನವೆ? ರೋಗಿಯೇ ಬಾಯಿಬಿಟ್ಟು ಹೇಳಬೇಕು. ಮಂಪರಿನಲ್ಲಿ ಮಲಗಿದ ಮುದುಕಿ ಯಾವ ಭಾಷೆಯಲ್ಲಿ ಹೇಳಬೇಕು ಸ್ವಾಮಿ?

ನರ್ಸ್ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಊರು ಬಿಟ್ಟು ಬಂದು ರಾತ್ರಿಯಿಡೀ ದುಡಿಯುವ ಹೆಣ್ಣುಮಕ್ಕಳು ಅವರು. ಅವರಿಗೆ ಔಷಧಿಯ ಪಂಪು ನಡೆಸಲು ಕಲಿಸುವ ಆಡಳಿತ ಮಂಡಳಿಗೆ ಇಪ್ಪತ್ತು ಕನ್ನಡ ಪದ ಕಲಿಸಲು ಏನು ದಾಡಿ? ದುಡ್ಡು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ಮಾತ್ರ ಅಚ್ಚ ಕನ್ನಡ!

ರಾಜಭಾಷೆ ಕಾಯಿದೆ 1963ರಲ್ಲೇ ಬಂತು. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು. ಕಚೇರಿಗೆ ಕನ್ನಡ ಕೇಳಿದೆವು, ಶಾಲೆಗೆ ಕೇಳಿದೆವು. ವಾರ್ಡಿಗೆ ಕೇಳಲು ಮರೆತೆವು. ಈಗ ಕೇಳೋಣ:

1. ಆಪರೇಷನ್ನಿನ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ.
2. ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲ ಒಬ್ಬ ನರ್ಸ್ ಇರಲಿ.
3. ಹಾಸಿಗೆಗೊಂದು ಕನ್ನಡ ಕಾರ್ಡು ತೂಗಲಿ: ‘ಕಾಲು ಎತ್ತಲು ಆಗುತ್ತದೆಯೇ? ಜೋಮು ಇದೆಯೇ? ಮೂತ್ರ ಹೋಯಿತೇ?’

ನಾನು ಪ್ರೆಸ್ಸಿನವನು. ಆಸ್ಪತ್ರೆಗಳ ಫಾರಂಗಳನ್ನು ಎಷ್ಟೋ ಅಚ್ಚು ಹಾಕಿದ್ದೇನೆ; ಎಲ್ಲವೂ ಇಂಗ್ಲಿಷಿನಲ್ಲೇ. ತುಟಿ ಪಿಟಕ್ಕೆನ್ನದೆ ಬಿಲ್ಲು ಪಡೆದಿದ್ದೇನೆ. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ಕಾರ್ಡನ್ನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ವಾರ್ಡಿನೊಳಗೆ ತೂಗುಹಾಕಿಸುವ ಹೊಣೆ ನಿಮ್ಮದು. ಏಳಿ!